ಇಕೆಬಾನ: ಮನಸ್ಸು ನಿಲ್ಲಬೇಕಾದರೆ ಮೊದಲು ಕೊಂಬೆ ನಿಲ್ಲಬೇಕು

ಸುಮನಾ_ಮೈಸೂರು

ಒತ್ತಡ ಇಳಿಯಬೇಕೇ, ಇಕೆಬಾನ (ಜಪಾನಿನ ಹೂ ಜೋಡಿಸುವ ಕಲೆ) ಮಾಡಿ ಎನ್ನುವ ಸಲಹೆ ಈಗ ಎಲ್ಲ ಕಡೆ ಓಡಾಡುತ್ತಿದೆ. ಊದುಬತ್ತಿ ಹಚ್ಚಿ, ಮೆಲು ಸಂಗೀತ ಹಾಕಿ ಅಂತೆಲ್ಲ ಹೇಳುತ್ತಾರೆ. ಕೊಂಬೆ ಎಷ್ಟುದ್ದ ಇರಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೊಸಬರ ದೂರು ಸಾಮಾನ್ಯವಾಗಿ ಮೂರು: ಕೊಂಬೆ ವಾಲಿ ಬೀಳುತ್ತದೆ, ಸಂಜೆಯೊಳಗೆ ಹೂ ಬಾಡುತ್ತದೆ, ಎಲ್ಲ ಜೋಡಿಸಿದ ಮೇಲೆ ಬೊಕೆ ಥರ ಕಾಣುತ್ತದೆ. ಮೂರಕ್ಕೂ ಕಾರಣ ತಂತ್ರದಲ್ಲಿದೆ. ಅದನ್ನು ಬಲ್ಲವರು ಇಲ್ಲಿ ಒಂದೆಡೆ ಬರೆದರೆ ಚೆನ್ನ. ಶುರುವಿಗೆ ನನ್ನ ಪಾಲು.

ಇಕೆಬಾನದ ಪರಂಪರೆಗಳಲ್ಲಿ ಒಂದಾದ ಸೊಗೆತ್ಸು ಶಾಲೆಯ ಮೊದಲ ಪಾಠ ನೇರ ಶೈಲಿಯ ಮೊರಿಬಾನ, ಅಂದರೆ ಆಳವಿಲ್ಲದ ಪಾತ್ರೆಯ ಜೋಡಣೆ. ಬೇಕಾದದ್ದು ಅಗಲವಾದ ಆಳವಿಲ್ಲದ ಪಾತ್ರೆ (ಜಪಾನಿನವರು ಸುಯಿಬಾನ್ ಅನ್ನುತ್ತಾರೆ), ಮುಳ್ಳುಗಳಿರುವ ಭಾರದ ಹಿಡಿಕೆ ಅಂದರೆ ಕೆಂಜಾನ್, ಎರಡು ಕೊಂಬೆ, ಮೂರರಿಂದ ಐದು ಹೂ.

ಮುಖ್ಯ ಕಡ್ಡಿಗಳು ಮೂರು: ಶಿನ್, ಸೋಎ, ಹಿಕಾಎ. ಪಾತ್ರೆಯ ಅಗಲಕ್ಕೆ ಆಳ ಕೂಡಿಸಿ ಒಂದೂವರೆಯಿಂದ ಗುಣಿಸಿದರೆ ಶಿನ್ ಉದ್ದ ಸಿಗುತ್ತದೆ. 30 ಸೆಂ.ಮೀ. ಅಗಲ, 6 ಸೆಂ.ಮೀ. ಆಳದ ಪಾತ್ರೆಯಾದರೆ 36ರ ಒಂದೂವರೆ ಪಟ್ಟು, 54 ಸೆಂ.ಮೀ. ಸೋಎ ಅದರ ಮುಕ್ಕಾಲು, ಸುಮಾರು 40. ಹಿಕಾಎ ಸೋಎಯ ಮುಕ್ಕಾಲು, ಸುಮಾರು 30. ಲಂಬದಿಂದ ಶಿನ್ 15 ಡಿಗ್ರಿ, ಸೋಎ 45 ಡಿಗ್ರಿ, ಹಿಕಾಎ 75 ಡಿಗ್ರಿ ಬಾಗಬೇಕು. ಶಿನ್, ಸೋಎ ಎಡ ಮುಂದಕ್ಕೆ, ಹಿಕಾಎ ಬಲ ಮುಂದಕ್ಕೆ. ಮುಂದಕ್ಕೆ ಅನ್ನುವುದನ್ನು ಹೊಸಬರು ಮರೆತು ಮೂರನ್ನೂ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸುತ್ತಾರೆ. ಆಗ ಆಳವೇ ಕಾಣದೆ ಚಪ್ಪಟೆ ಬೀಸಣಿಗೆ ಆಗುತ್ತದೆ.

ಉಳಿದವು ಜೂಶಿ, ಅಂದರೆ ಪೂರಕ ಕಡ್ಡಿಗಳು. ಪ್ರತಿಯೊಂದೂ ತಾನು ಒತ್ತಿಗೆ ನಿಂತ ಮುಖ್ಯ ಕಡ್ಡಿಗಿಂತ ಗಿಡ್ಡವಾಗಿರಬೇಕು. ಬೊಕೆ ಥರ ಆಗುವುದು ಇಲ್ಲೇ. ಎಲ್ಲ ಹೂವೂ ಒಂದೇ ಎತ್ತರಕ್ಕೆ ಬಂದರೆ ಕಣ್ಣಿಗೆ ಹಾದಿ ಇರುವುದಿಲ್ಲ.

ಒಸಾಕಾ_ಕನ್ನಡಿಗ

ಸುಮನಾ ಅವರು ಕೊಟ್ಟದ್ದು ಸೊಗೆತ್ಸು ಲೆಕ್ಕ ಅನ್ನುವುದನ್ನು ಓದುವವರು ನೆನಪಿಡಿ. ಶಾಲೆಯಿಂದ ಶಾಲೆಗೆ ಅಳತೆ ಬೇರೆ, ಹೆಸರೂ ಬೇರೆ. ಇಕೆನೊಬೊ ಶಾಲೆಯ ಶೋಕಾ ಎಂಬ ಶೈಲಿಯಲ್ಲಿ ಕಡ್ಡಿಗಳು ಶಿನ್, ಸೋಎ, ತಾಯ್. ಸೋಎ ಶಿನ್‌ನ ಮೂರನೇ ಎರಡು ಭಾಗ, ತಾಯ್ ಮೂರನೇ ಒಂದು ಭಾಗ. ಅಲ್ಲಿ ಕಡ್ಡಿಗಳೆಲ್ಲ ನೀರಿನಿಂದ ಒಂದೇ ಕಾಂಡದಂತೆ ಏಳಬೇಕು. ನೀರಿನ ಅಂಚಿನಿಂದ ಸುಮಾರು ನಾಲ್ಕು ಬೆರಳೆತ್ತರದವರೆಗೆ ಎಲೆಯೂ ಕವಲೂ ಇರಬಾರದು. ಒಂದು ವಿಡಿಯೊದಿಂದ ಅಳತೆ, ಇನ್ನೊಂದರಿಂದ ಕೋನ ತೆಗೆದುಕೊಂಡರೆ ಎರಡೂ ಕೆಡುತ್ತವೆ. ಕನಿಷ್ಠ ಆರು ತಿಂಗಳು ಒಂದೇ ಶಾಲೆಯ ಹಾದಿ ಹಿಡಿಯಿರಿ.

ಹಿನ್ನೆಲೆ ಚುಟುಕಾಗಿ. ಕ್ಯೋಟೊದ ರೊಕ್ಕಾಕುದೊ ದೇವಾಲಯದ ಅರ್ಚಕರಿಂದ ಇಕೆನೊಬೊ ಪರಂಪರೆ ಬೆಳೆಯಿತು. ಇಕೆನೊಬೊ ಸೆಂಕೆಯ್ ಹೂ ಜೋಡಿಸಿದ ದಾಖಲೆ 1462ರದ್ದು. ಮೊರಿಬಾನ ಬಂದದ್ದು ಬಹಳ ಈಚೆಗೆ, ಮೆಯ್ಜಿ ಕಾಲದ (1868–1912) ಕೊನೆಯ ಹೊತ್ತಿಗೆ, ಓಹಾರಾ ಉನ್ಶಿನ್ ಅವರಿಂದ. ಪಶ್ಚಿಮದಿಂದ ಬಂದ ಗಿಡ್ಡ ಕಾಂಡದ ಹೂಗಳನ್ನು ಹಳೆಯ ಎತ್ತರದ ಶೈಲಿಗೆ ಒಗ್ಗಿಸಲು ಆಗುತ್ತಿರಲಿಲ್ಲ, ಆಳವಿಲ್ಲದ ಪಾತ್ರೆಯಲ್ಲಿ ಹರಡಿ ಇಡುವ ಕ್ರಮ ಅದಕ್ಕೆ ಉತ್ತರವಾಯಿತು. ಸೊಗೆತ್ಸು ಶಾಲೆಯನ್ನು ತೆಶಿಗಹಾರಾ ಸೋಫು ಕಟ್ಟಿದ್ದು 1927ರಲ್ಲಿ.

ಇನ್ನೊಂದು ಮಾತು. ಇಕೆಬಾನ ಅಂದರೆ ಝೆನ್ (ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ) ಅಂತ ಕಣ್ಣು ಮುಚ್ಚಿ ಬರೆಯುತ್ತಾರೆ. ಬೇರು ಇರುವುದು ಬುದ್ಧನ ಮುಂದೆ ಹೂ ಇಡುವ ಪದ್ಧತಿಯಲ್ಲಿ. ರೊಕ್ಕಾಕುದೊ ತೆಂದೈ ಎಂಬ ಬೇರೆ ಬೌದ್ಧ ಪಂಥದ ಹಿನ್ನೆಲೆಯದು. ಝೆನ್‌ನ ಗಾಳಿ ಹೆಚ್ಚಾಗಿ ಬೀಸಿದ್ದು ಚಹಾ ಕೋಣೆಯ (ಜಪಾನಿನ ಚಹಾ ವಿಧಿ ನಡೆಯುವ ಕೋಣೆ) ಹೂವಿನ ಮೇಲೆ, ಚಹಾ ಗುರು ಸೆನ್ ನೊ ರಿಕ್ಯೂ ಕಾಲದಲ್ಲಿ.

ಜಪಾನಿನ ತರಗತಿಯಲ್ಲಿ ಧ್ಯಾನ ಮಾಡಿಸುವುದಿಲ್ಲ. ವಿದ್ಯಾರ್ಥಿ ಜೋಡಿಸುತ್ತಾನೆ, ಗುರು ಬಂದು ಒಂದೆರಡು ಕಡ್ಡಿ ಕಿತ್ತು ಬೇರೆ ಕೋನದಲ್ಲಿ ಚುಚ್ಚುತ್ತಾರೆ. ಹೆಚ್ಚು ಮಾತಿಲ್ಲ. ಮುಗಿದ ಮೇಲೆ ಅಷ್ಟನ್ನೂ ಬಿಚ್ಚಿ, ಕಾಗದದಲ್ಲಿ ಸುತ್ತಿ ಮನೆಗೆ ಒಯ್ದು ಮತ್ತೊಮ್ಮೆ ಜೋಡಿಸಬೇಕು. ಅಭ್ಯಾಸ ಗಟ್ಟಿಯಾಗುವುದು ಆ ಎರಡನೇ ಸಲದಲ್ಲಿ. ಕಡ್ಡಿಗಳು ಆಗಲೇ ಕತ್ತರಿಸಿವೆ, ಅಳತೆಯ ಗೋಜಿಲ್ಲ, ನೋಡುವುದೊಂದೇ ಕೆಲಸ.

ತುಂಗಾತೀರ

ಒಂದು ಸಂದೇಹ. ಇಷ್ಟೆಲ್ಲ ಸೆಂಟಿಮೀಟರು, ಡಿಗ್ರಿ ಇಟ್ಟುಕೊಂಡರೆ ಗಣಿತದ ಪರೀಕ್ಷೆಗೆ ಕೂತ ಹಾಗಾಗುವುದಿಲ್ಲವೇ? ಮನಸ್ಸು ಹಗುರಾಗಲಿ ಅಂತ ಬಂದವರಿಗೆ ಇದು ಉಲ್ಟಾ ಹೊಡೆಯಬಹುದು.

ಸುಮನಾ_ಮೈಸೂರು

ಲೆಕ್ಕ ಶುರುವಿನ ಎರಡು ನಿಮಿಷದ್ದು. ಆಮೇಲೆ ಅದೇ ಕೈ ಹಿಡಿಯುತ್ತದೆ. ಎಲ್ಲ ಆಯ್ಕೆಯೂ ತೆರೆದಿದ್ದರೆ ಪ್ರತಿ ಹೂವಿಗೂ ‘ಇಲ್ಲೋ, ಅಲ್ಲೋ’ ಅನ್ನುವ ಗೊಂದಲ. ಎತ್ತರ, ಕೋನ ಮೊದಲೇ ನಿಶ್ಚಯವಾಗಿದ್ದರೆ ಉಳಿಯುವ ಪ್ರಶ್ನೆ ಒಂದೇ: ಈ ಕೊಂಬೆಯ ಮುಖ ಯಾವ ಕಡೆ? ಬಿಸಿಲು ಬಿದ್ದ ಕಡೆ ಎಲೆಯ ಮೇಲ್ಮೈ ಕಾಣುತ್ತದೆ, ಅದೇ ಮುಖ. ಕೊಂಬೆಯನ್ನು ತೋಳಿನಳತೆ ದೂರ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಒಂದು ಕಡೆ ರೇಖೆ ಚಂದ ಕಾಣುತ್ತದೆ, ಇನ್ನೊಂದು ಕಡೆ ಎಲೆಯ ಬೆನ್ನು.

ಕವಲು ತೆಗೆಯುವ ಮುನ್ನ ಅದನ್ನು ಅಂಗೈಯಿಂದ ಮುಚ್ಚಿ ನೋಡಿ. ಇಲ್ಲದಿದ್ದರೂ ನಡೆಯುತ್ತದೆ ಅನ್ನಿಸಿದರೆ ಮಾತ್ರ ಕತ್ತರಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು, ಹಾಗಾಗಿ ಕೈ ತಾನಾಗಿ ನಿಧಾನಿಸುತ್ತದೆ. ಉಸಿರು ಎಣಿಸು ಅಂತ ಯಾರೂ ಹೇಳಬೇಕಿಲ್ಲ. ಮೊದಲು ತೆಗೆಯಬೇಕಾದವು: ಒಣಗಿದ್ದು, ಒಂದನ್ನೊಂದು ಅಡ್ಡ ಹಾಯುವುದು, ನೇರ ನೋಡುವವರ ಕಣ್ಣಿಗೆ ಚುಚ್ಚುವಂತೆ ಬರುವುದು, ಒಂದೇ ಗೆಣ್ಣಿನಲ್ಲಿ ಎದುರುಬದುರು ಇರುವ ಜೋಡಿಯಲ್ಲಿ ಒಂದು.

ಅಷ್ಟೂ ಬೇಡವೆಂದರೆ ಚಾಬಾನಾ ಇದೆ, ಚಹಾ ಕೋಣೆಯ ಹೂ. ಒಂದು ಹೂ, ಒಂದೆರಡು ಎಲೆ, ಸಣ್ಣ ಕತ್ತಿನ ಪಾತ್ರೆ. ಕೆಂಜಾನ್ ಇಲ್ಲ, ಕೋನ ಇಲ್ಲ. ಹೊಲದಲ್ಲಿ ಇರುವಂತೆ ಇರಲಿ ಎನ್ನುವುದು ರಿಕ್ಯೂ ಹೆಸರಿನಲ್ಲಿ ಬಂದಿರುವ ನಿಯಮ. ಆದರೆ ಸುಲಭ ಅಂದುಕೊಳ್ಳಬೇಡಿ, ಒಂದೇ ಹೂವಿದ್ದಾಗ ತಪ್ಪು ಮರೆಮಾಚಲು ಜಾಗವೇ ಇಲ್ಲ. ಗಾಢ ಪರಿಮಳದ ಹೂ ಅಲ್ಲಿ ಸಲ್ಲದು. ಚಹಾ ಕೋಣೆಯಲ್ಲಿ ಧೂಪ ಇರುತ್ತದೆ, ಎರಡು ವಾಸನೆ ಬೆರೆಯಬಾರದು. ಸುಗಂಧರಾಜ, ಮಲ್ಲಿಗೆ ಅದಕ್ಕೇ ದೂರ.

ಬಾಟನಿ_ಮೇಷ್ಟ್ರು

ಸಂಜೆಯೊಳಗೆ ಹೂ ಬಾಡುವ ದೂರಿಗೆ ಬರೋಣ. ಗಿಡದಿಂದ ಕತ್ತರಿಸಿದ ಕೂಡಲೇ ಕಾಂಡದೊಳಗಿನ ನೀರಿನ ನಾಳಗಳು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಆ ಗಾಳಿಗುಳ್ಳೆ ನೀರಿನ ದಾರಿ ಕಟ್ಟಿಹಾಕುತ್ತದೆ. ಎಷ್ಟು ನೀರಿನಲ್ಲಿಟ್ಟರೂ ಮೇಲಕ್ಕೆ ಹೋಗದು. ಆದ್ದರಿಂದ ಮಿಜುಕಿರಿ: ಬೋಗುಣಿ ನೀರಿನೊಳಗೆ ಕಾಂಡದ ತುದಿ ಮುಳುಗಿಸಿ, ನೀರೊಳಗೇ 2–3 ಸೆಂ.ಮೀ. ಕತ್ತರಿಸುವುದು. ಗಾಳಿ ತುಂಬಿದ ತುಂಡು ಹೋಗುತ್ತದೆ, ಹೊಸ ಬಾಯಿಗೆ ನೇರ ನೀರು ಸಿಗುತ್ತದೆ. ಕತ್ತರಿಸಿದ ಮೇಲೆ ತಕ್ಷಣ ಎತ್ತಬೇಡಿ. ಆಳವಾದ ಬಕೆಟ್‌ನಲ್ಲಿ, ನೆರಳಿನಲ್ಲಿ ಕನಿಷ್ಠ ಒಂದು ಗಂಟೆ ನಿಲ್ಲಿಸಿ. ಮಾರುಕಟ್ಟೆಯಿಂದ ತಂದದ್ದಾದರೆ ರಾತ್ರಿಯಿಡೀ ಇದ್ದರೂ ಒಳ್ಳೆಯದೇ.

ಕೆಲವಕ್ಕೆ ಅಷ್ಟು ಸಾಲದು.

ಸೇವಂತಿಗೆಯ ಕಾಂಡವನ್ನು ನೀರೊಳಗೆ ಕೈಯಿಂದ ಮುರಿಯುವುದು ರೂಢಿ. ನಾರು ನಾರಾಗಿ ಮುರಿಯುವುದರಿಂದ ನೀರು ಹೀರುವ ಮೇಲ್ಮೈ ಹೆಚ್ಚುತ್ತದೆ. ಆಗಲೇ ಬಾಡಿದ್ದರೆ ಬಿಸಿನೀರು: ಹೂವನ್ನೂ ಎಲೆಯನ್ನೂ ಪತ್ರಿಕೆಯ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ (ಹಬೆ ತಾಗಬಾರದು), ತುದಿಯ 2–3 ಸೆಂ.ಮೀ. ಕುದಿವ ನೀರಿನಲ್ಲಿ 20–30 ಸೆಕೆಂಡು ಅದ್ದಿ, ಕೂಡಲೇ ತಣ್ಣೀರಿನ ಬಕೆಟ್‌ಗೆ. ಗುಳ್ಳೆ ಹಿಗ್ಗಿ ಹೊರಬೀಳುತ್ತದೆ. ತಲೆ ಬಾಗಿಸಿದ ಗುಲಾಬಿಗೂ ಇದೇ.

ಹೈಡ್ರೇಂಜಿಯಾ ತುದಿಯನ್ನು ಸೀಳಿ ಪಟಿಕದ ಪುಡಿ ಉಜ್ಜುತ್ತಾರೆ. ಹಾಲು ಸುರಿಸುವ ಕಾಂಡಗಳಿಗೆ, ಉದಾಹರಣೆಗೆ ಪಾಯಿನ್‌ಸೆಟಿಯಾ, ದೇವಕಣಗಿಲೆ, ತುದಿಯನ್ನು ಜ್ವಾಲೆಯಲ್ಲಿ ಸುಡುವುದು ಅಥವಾ ಬಿಸಿನೀರಿನಲ್ಲಿ ಅದ್ದುವುದು. ಹಾಲು ಹೆಪ್ಪುಗಟ್ಟಿ ನಾಳ ಮುಚ್ಚುವುದನ್ನು ಅದು ತಡೆಯುತ್ತದೆ. ತಾವರೆ, ನೈದಿಲೆಗಳದು ಬೇರೆಯೇ ಕಥೆ: ಕಾಂಡದೊಳಗೆ ಉದ್ದುದ್ದ ಗಾಳಿಕೊಳವೆಗಳಿವೆ, ಸುಮ್ಮನೆ ನೀರಿನಲ್ಲಿಟ್ಟರೆ ಏನೂ ಆಗದು. ಸಣ್ಣ ಪಂಪಿನಿಂದ ಕಾಂಡದ ತುದಿಗೆ ನೀರು ಒತ್ತುತ್ತಾರೆ. ಸೂಜಿಯಿಲ್ಲದ ದಪ್ಪ ಸಿರಿಂಜ್ ಸಾಕು.

ಗಟ್ಟಿ ಕೊಂಬೆಯ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಅನ್ನುವ ಸಲಹೆ ಇನ್ನೂ ಓಡುತ್ತಿದೆ. ಜಜ್ಜಿದ ಚೂರುಗಳೇ ನಾಳ ಮುಚ್ಚುತ್ತವೆ, ಅಲ್ಲೇ ಬ್ಯಾಕ್ಟೀರಿಯಾ ಹುಟ್ಟಿ ನೀರು ನಾರುತ್ತದೆ. ಕತ್ತರಿಯ ತುದಿಯಿಂದ ಅಧಿಕ ಚಿಹ್ನೆಯಂತೆ ಉದ್ದಕ್ಕೆ ಸೀಳಿದರೆ ಸಾಕು. ನೀರಿನ ಮಟ್ಟದ ಕೆಳಗೆ ಒಂದು ಎಲೆಯೂ ಇರಬಾರದು.

ಕತ್ತರಿ_ಕಾಮತ್

ಮೇಷ್ಟ್ರು ನೀರಿನದು ಹೇಳಿದರು, ನಾನು ಕಬ್ಬಿಣದ್ದು ಹೇಳುತ್ತೇನೆ.

ಕೆಂಜಾನ್: ಸೀಸದ ತಳ, ಹಿತ್ತಾಳೆಯ ಮುಳ್ಳು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಮೀರಿದ ಭಾರ ಅನ್ನಿಸಬೇಕು. ಹಗುರದ್ದು ಬೇಡ, ಕೊಂಬೆ ವಾಲಿದ ಕಡೆಗೆ ಕೆಂಜಾನೇ ಮಗುಚುತ್ತದೆ. ಮೊದಲಿಗೆ 7–8 ಸೆಂ.ಮೀ. ಅಗಲದ ದುಂಡನೆಯದು ಒಂದಿದ್ದರೆ ಸಾಕು. ಇದನ್ನು ಪಾತ್ರೆಯ ನಟ್ಟನಡುವೆ ಇಡದೆ ಒಂದು ಬದಿಗೆ ಇಡಿ. ಖಾಲಿ ಬಿಟ್ಟ ನೀರೂ ರಚನೆಯ ಭಾಗ; ಬೇಸಿಗೆಯಲ್ಲಿ ಹೆಚ್ಚು ನೀರು ಕಾಣಿಸುವುದು ವಾಡಿಕೆ.

ಚುಚ್ಚುವ ಕ್ರಮ. ಮೆತ್ತನೆಯ ಹೂ ಕಾಂಡಕ್ಕೆ ನೇರ ಅಡ್ಡ ಕತ್ತರಿ, ಮುಳ್ಳಿನ ಮೇಲೆ ನೆಟ್ಟಗೆ ಒತ್ತುವುದು. ಕೊಂಬೆಗೆ ಓರೆ ಕತ್ತರಿ, ಚೂಪು ತುದಿ ಮುಳ್ಳುಗಳ ನಡುವೆ ಇಳಿಯುವಂತೆ. ಎರಡನ್ನೂ ಮೊದಲು ಲಂಬವಾಗಿ ತಳದವರೆಗೆ ಇಳಿಸಿ, ಆಮೇಲೆ ಬುಡ ಹಿಡಿದು ಬೇಕಾದ ಕೋನಕ್ಕೆ ಬಗ್ಗಿಸಬೇಕು. ಹೊಸಬರು ಮೊದಲೇ ಓರೆಯಾಗಿ ಚುಚ್ಚುತ್ತಾರೆ, ಎರಡು ಮುಳ್ಳು ಮಾತ್ರ ಹಿಡಿಯುತ್ತವೆ, ಐದು ನಿಮಿಷಕ್ಕೆ ಕೊಂಬೆ ತಿರುಗಿ ಬೀಳುತ್ತದೆ. ತುದಿ ಹಿಡಿದು ಬಗ್ಗಿಸುವುದೂ ಅಷ್ಟೇ ತಪ್ಪು.

ಕೊಂಬೆ ದಪ್ಪ ಇದ್ದರೆ ತುದಿ ಸೀಳಿಕೊಳ್ಳಿ. ಆದರೂ ಕೆಂಜಾನ್ ಎದ್ದರೆ, ಇನ್ನೊಂದು ಕೆಂಜಾನನ್ನು ಮಗುಚಿ, ಮುಳ್ಳಿಗೆ ಮುಳ್ಳು ಸಿಕ್ಕುವಂತೆ ವಾಲಿದ ಬದಿಯ ಎದುರು ಅಂಚಿಗೆ ಭಾರವಾಗಿ ಹೇರಬೇಕು. ಕಾಂಡ ತೀರಾ ಸಣಕಲಾಗಿ ಮುಳ್ಳುಗಳ ನಡುವೆ ಜಾರಿದರೆ ಬೇರೆ ಕಾಂಡದ ಎರಡು ಸೆಂ.ಮೀ. ತುಂಡನ್ನು ಬುಡಕ್ಕೆ ದಾರದಿಂದ ಕಟ್ಟಿ ಒಟ್ಟಿಗೆ ಚುಚ್ಚಿ. ಜರ್ಬೆರಾದಂಥ ಮೆದು ಕಾಂಡ ಒತ್ತಿದರೆ ಸೀಳುತ್ತದೆ, ಬುಡಕ್ಕೆ ಒದ್ದೆ ಕಾಗದದ ಪಟ್ಟಿ ಒಂದು ಸುತ್ತು ಸುತ್ತಿದರೆ ನಿಲ್ಲುತ್ತದೆ.

ಬಾಗಿದ ಮುಳ್ಳನ್ನು ಇಕ್ಕಳದಿಂದ ತಿರುಚಿದರೆ ಮುರಿಯುತ್ತದೆ. ಅದಕ್ಕೆಂದೇ ತೂತಿರುವ ಸಣ್ಣ ಕೊಳವೆಯ ಉಪಕರಣ ಬರುತ್ತದೆ, ಇಲ್ಲವಾದರೆ ಖಾಲಿ ಬಾಲ್‌ಪೆನ್ ರೀಫಿಲ್‌ನ ಲೋಹದ ಕೊಳವೆ. ಸೀಸ ಇರುವುದರಿಂದ ಕೆಲಸವಾದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ, ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ, ನಾಯಿ ಬೆಕ್ಕು ಆ ನೀರು ಕುಡಿಯದಂತೆ ನೋಡಿಕೊಳ್ಳಿ.

ಕತ್ತರಿಯಲ್ಲಿ ಇಕೆನೊಬೊದವರದು ಸುರುಳಿ ಹಿಡಿ, ಜರೀಗಿಡದ ಎಳೆ ಚಿಗುರಿನ ಹಾಗೆ. ಕೊರ್ಯೂ ಶಾಲೆಯದು ದೊಡ್ಡ ಬಳೆಯಂಥ ಹಿಡಿ. ದಪ್ಪ ಕೊಂಬೆಯನ್ನು ಅಲಗಿನ ತುದಿಯಲ್ಲಿ ಕಚ್ಚಬಾರದು, ಬುಡಕ್ಕೆ ತಂದು ಓರೆಯಾಗಿ ಒಂದೇ ಒತ್ತಿಗೆ. ಕಚ್ಚಿಕೊಂಡರೆ ಅತ್ತಿತ್ತ ತಿರುಚಬೇಡಿ, ಅಲಗಿನ ನಡುವೆ ಸಂದು ಬೀಳುತ್ತದೆ. ಅಂಟು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ.

ತುಂಗಾತೀರ

ಕಾಮತರೇ, ಕೆಂಜಾನ್ ಬದಲು ಹಸಿರು ಸ್ಪಂಜು ಬಳಸಿದರೆ? ಹೂವಿನಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದಲ್ಲ.

ಕತ್ತರಿ_ಕಾಮತ್

ಬೇಡ. ಒಮ್ಮೆ ಚುಚ್ಚಿದ ತೂತು ಮುಚ್ಚುವುದಿಲ್ಲ, ಕೋನ ತಿದ್ದಿದಷ್ಟೂ ತೂತು ಹಿಗ್ಗಿ ಕೊಂಬೆ ಸಡಿಲವಾಗುತ್ತದೆ. ತಿದ್ದಿ ತಿದ್ದಿ ನೋಡುವುದೇ ಇಲ್ಲಿನ ಅಭ್ಯಾಸ, ಅದಕ್ಕೇ ಅಡ್ಡಿ. ಅದು ಪ್ಲಾಸ್ಟಿಕ್, ಪುಡಿಯಾಗಿ ಚರಂಡಿಗೆ ಹೋಗುತ್ತದೆ, ಕೊಳೆಯುವುದಿಲ್ಲ. ಕೆಂಜಾನ್ ಒಮ್ಮೆ ಕೊಂಡರೆ ಹತ್ತಾರು ವರ್ಷ.

ಕೆಂಜಾನ್ ಸಿಗುವವರೆಗೆ ನಾಗೆಇರೆ ಮಾಡಿ, ಎತ್ತರದ ಪಾತ್ರೆಯದು. ಪಾತ್ರೆಯ ಒಳ ಅಗಲಕ್ಕಿಂತ ಕೂದಲೆಳೆಯಷ್ಟು ಉದ್ದದ ಎರಡು ಹಸಿ ಕಡ್ಡಿ ಕತ್ತರಿಸಿ, ಬಾಯಿಯಿಂದ 2–3 ಸೆಂ.ಮೀ. ಕೆಳಗೆ ಒಂದರ ಮೇಲೊಂದು ಅಡ್ಡ ಸಿಕ್ಕಿಸಿ. ಬಾಯಿ ನಾಲ್ಕು ಪಾಲಾಗುತ್ತದೆ. ಒಂದೇ ಪಾಲನ್ನು ಬಳಸಬೇಕು. ಕೊಂಬೆ ಮೂರು ಕಡೆ ಆಸರೆ ಪಡೆಯಬೇಕು: ಪಾತ್ರೆಯ ಅಂಚು, ಅಡ್ಡಕಡ್ಡಿ, ಮತ್ತು ಬುಡದ ಓರೆ ಕತ್ತರಿ ಒಳಗೋಡೆಗೆ ಒರಗುವ ಜಾಗ. ಬುಡ ಗಾಳಿಯಲ್ಲಿ ತೂಗಾಡಿದರೆ ಕೊಂಬೆ ಗಿರಕಿ ಹೊಡೆಯುತ್ತದೆ. ಅಳತೆಯನ್ನು ಅಂಚಿನಿಂದ ಮೇಲಕ್ಕೆ ಹಿಡಿದು, ಪಾತ್ರೆಯೊಳಗೆ ಇಳಿಯುವ ಭಾಗವನ್ನು ಬೇರೆ ಕೂಡಿಸಿಕೊಳ್ಳಿ. ಗಾಜಿನ ಪಾತ್ರೆಗೆ ಮಾತ್ರ ಈ ಅಡ್ಡಕಡ್ಡಿ ಬಿಗಿಯಬೇಡಿ, ಒಡೆಯುತ್ತದೆ.

ಹೂಬುಟ್ಟಿ_ಬೆಂಗಳೂರು

ಸಾಮಗ್ರಿಯ ವಿಷಯ. ಕೆ.ಆರ್. ಮಾರುಕಟ್ಟೆಯಲ್ಲಿ ರಾಶಿ ಹೂವಿದ್ದರೂ ಹೆಚ್ಚಿನದು ಬಿಡಿ ಹೂ, ಕಾಂಡವಿಲ್ಲದ್ದು. ಹಾರಕ್ಕೆ ಸರಿ, ಇದಕ್ಕಲ್ಲ. ಕಾಂಡ ಸಮೇತ ಕಟ್ಟು ಮಾರುವವರ ಹತ್ತಿರ ಜರ್ಬೆರಾ, ಗ್ಲಾಡಿಯೋಲಸ್, ಆಂಥೂರಿಯಂ, ಸೇವಂತಿಗೆ ಕೇಳಿ. ಪೂರ್ತಿ ಅರಳಿದ್ದು ಒಂದು, ಅರೆ ಅರಳಿದ್ದು ಒಂದು, ಮೊಗ್ಗು ಒಂದು ಆರಿಸಿ. ಆಗ ಎತ್ತರದ ವ್ಯತ್ಯಾಸ ಸಹಜವಾಗಿ ಬರುತ್ತದೆ. ಮೊಗ್ಗು ಮೇಲೆ, ಅರಳಿದ್ದು ಕೆಳಗೆ.

ಕೊಂಬೆಗೆ ದುಡ್ಡು ಕೊಡುವುದು ದಂಡ. ಸೀಬೆ ಕೊಂಬೆ ಬಳುಕುತ್ತದೆ, ಮುರಿಯುವುದಿಲ್ಲ, ಗೆರೆಯೂ ಚಂದ. ಬೇಲಿಯ ಕ್ರೋಟನ್, ಕೆರೆ ಅಂಚಿನ ಜೊಂಡು, ಎಲ್ಲ ಒದಗುತ್ತದೆ. ಮಾವಿನ ಎಳೆ ಚಿಗುರು ಮಾತ್ರ ಬೇಗ ಬಾಡುತ್ತದೆ, ಬಲಿತ ಎಲೆಯದು ತನ್ನಿ. ದಾಸವಾಳ ಒಂದು ದಿನದ ಹೂ. ಜಪಾನಿನಲ್ಲಿ ಅದರ ಬಂಧು ಮುಕುಗೆಯನ್ನು ಬೇಸಿಗೆಯ ಚಹಾ ಕೋಣೆಯಲ್ಲಿ ಇಡುವುದು ಅದು ದಿನದ ಹೂ ಅಂತಲೇ. ಇಲ್ಲೂ ಹಾಗೇ ಬಳಸಿ.

ನೇರ ಕೊಂಬೆಯೇ ಸಿಕ್ಕಿದರೆ ಬಾಗಿಸಬಹುದು. ಎರಡು ಹೆಬ್ಬೆರಳನ್ನು ಕೊಂಬೆಯ ಕೆಳಗೆ ಒಂದಕ್ಕೊಂದು ತಾಗುವಂತೆ ಜೋಡಿಸಿ, ಗೆಣ್ಣು ಬಿಟ್ಟು ಗೆಣ್ಣುಗಳ ನಡುವಿನ ಜಾಗದಲ್ಲಿ, ಸ್ವಲ್ಪ ತಿರುಚುತ್ತಾ ಒತ್ತಿ. ಕೈಯ ಬಿಸಿ ತಾಗಲಿ. ಒಂದೇ ಸಲ ಪೂರ್ತಿ ಬಗ್ಗಿಸದೆ, ಬೇಕಾದ್ದಕ್ಕಿಂತ ತುಸು ಹೆಚ್ಚು ಬಗ್ಗಿಸಿ ಬಿಟ್ಟರೆ ಹಿಂದೆ ಸರಿದು ಸರಿಯಾದ ಜಾಗಕ್ಕೆ ನಿಲ್ಲುತ್ತದೆ. ದಪ್ಪದ್ದಕ್ಕೆ ಹೊರಬದಿಯಲ್ಲಿ ಮೂರನೇ ಒಂದು ಆಳ ಕಚ್ಚು ಹಾಕಿ, ಅದೇ ಮರದ ಸಣ್ಣ ಬೆಣೆ ತೂರಿಸುತ್ತಾರೆ.

ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಜೊತೆ ಇಕೆಬಾನ ಸ್ಪರ್ಧೆಯೂ ಇರುತ್ತದೆ. ಹೋದರೆ ಹೂ ನೋಡಬೇಡಿ, ಕಡ್ಡಿಗಳ ಬುಡ ನೋಡಿ. ಬುಡ ಒಂದೆಡೆ ಸೇರಿದೆಯೋ ಚೆದುರಿದೆಯೋ, ಕೆಂಜಾನ್ ಎಲೆಯಿಂದ ಮರೆಯಾಗಿದೆಯೋ ಇಲ್ಲವೋ, ಕಲಿಯುವುದು ಅಲ್ಲಿಂದಲೇ.

ಒಸಾಕಾ_ಕನ್ನಡಿಗ

ಕೆಂಜಾನ್ ಮರೆಮಾಡುವ ಬಗ್ಗೆ ಒಂದು ಸೇರಿಕೆ. ಎಲೆ ತುರುಕಿ ಪೂರ್ತಿ ಮುಚ್ಚುವ ಹಟ ಬೇಡ. ಗಿಡ್ಡ ಜೂಶಿ ಎರಡು ಮುಂದಕ್ಕೆ ಬಾಗಿದರೆ ಸಾಕು, ಹಿಂದೆ ಒಂದು ಚಿಕ್ಕದು. ಹಿಂದೆ ಏನೂ ಇಲ್ಲದಿದ್ದರೆ ಇಡೀ ರಚನೆ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ಜೋಡಿಸುವಾಗ ಕೂತು ನೋಡಿದರೆ ಕೊನೆಗೂ ಕೂತೇ ನೋಡಿ. ನಿಂತು ಜೋಡಿಸಿದ್ದನ್ನು ಕೂತು ನೋಡಿದರೆ ಕೋನವೆಲ್ಲ ಬೇರೆ.

ತುಂಗಾತೀರ

ಕೊನೆಯ ಪ್ರಶ್ನೆ. ತೆರೆದ ಪಾತ್ರೆಯಲ್ಲಿ ನೀರು ನಿಲ್ಲಿಸಿದರೆ ಸೊಳ್ಳೆ? ನಮ್ಮಲ್ಲಿ ಮಳೆಗಾಲದ ಡೆಂಗಿ ಭಯ ಇದ್ದದ್ದೇ.

ಬಾಟನಿ_ಮೇಷ್ಟ್ರು

ದಿನಾ ನೀರು ಬದಲಿಸಿದರೆ ತೊಂದರೆಯಿಲ್ಲ, ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಆದರೆ ಡೆಂಗಿ ಸೊಳ್ಳೆ ಮೊಟ್ಟೆಯನ್ನು ಪಾತ್ರೆಯ ಗೋಡೆಗೆ, ನೀರಿನ ಅಂಚಿನ ಮೇಲ್ಗಡೆ ಅಂಟಿಸುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು. ಜೋಡಣೆ ಕೆಡಿಸದೆ ನೀರು ಬದಲಿಸಲು ಪಾತ್ರೆ ಎತ್ತಬೇಡಿ. ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಹಳೆಯದನ್ನು ಇಳಿಸಿ (ಬಾಯಿಂದ ಎಳೆಯಬೇಡಿ, ಸೀಸದ ನೀರು), ಹೂಜಿಯಿಂದ ಅಂಚಿಗೆ ಹೊಸ ನೀರು ಬಿಡಿ, ಕೆಂಜಾನ್ ಮುಳ್ಳಿನ ತುದಿ ಮುಳುಗಿ ಒಂದು ಸೆಂ.ಮೀ. ಮೇಲೆ ಬರುವಷ್ಟು.

ಸುಮನಾ_ಮೈಸೂರು

ಮೇಷ್ಟ್ರೇ, ನೀರಿಗೆ ಸಕ್ಕರೆ ಹಾಕುವ ರೂಢಿ ಇದೆಯಲ್ಲ, ಅದು?

ಬಾಟನಿ_ಮೇಷ್ಟ್ರು

ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಗೆ ಊಟ ಹಾಕಿದಂತೆ, ಮರುದಿನಕ್ಕೆ ನೀರು ಕದಡುತ್ತದೆ. ತೆರೆದ ಪಾತ್ರೆಗೆ ಶುದ್ಧ ನೀರೇ ಸರಿ. ನೀರು ಬದಲಿಸುವಾಗ ಮೆತ್ತಗಾದ ಕಾಂಡ ಕಂಡರೆ ಅದೊಂದನ್ನು ಕಿತ್ತು, ನೀರೊಳಗೆ ಒಂದು ಸೆಂ.ಮೀ. ಕತ್ತರಿಸಿ ಮತ್ತೆ ಚುಚ್ಚಿ. ಗಿಡ್ಡವಾಯಿತು ಅನ್ನಿಸಿದರೆ ಉಳಿದವನ್ನೂ ಅದೇ ಪ್ರಮಾಣಕ್ಕೆ ಇಳಿಸಬೇಕಾಗುತ್ತದೆ. ಮೂರನೇ ದಿನಕ್ಕೆ ಚಿಕ್ಕ ಪಾತ್ರೆಗೆ ವರ್ಗಾಯಿಸುವುದು ಅದಕ್ಕೇ.